ಐಸ್ ಪೆಟ್ಟಿಗೆಯ ಅಕೊಸಿತಾ

ಅಕೊಸಿತಾಳ ಬಗ್ಗೆ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಮೊದಲು ಬರುತ್ತಿದ್ದ ಮಾತು ಒಂದೇ: ಎಂಜಲು ಕೈಯಲ್ಲಿ ಕಾಗೆ ಓಡಿಸದವಳು. ಆ ಮಾತನ್ನು ನಾನೂ ಆಡಿದ್ದೇನೆ, ಅವಳ ಎದುರಿಗೇ ಆಡಿದ್ದೇನೆ. ಅವಳು ನನ್ನ ಓರಗಿತ್ತಿ, ನನ್ನ ಗಂಡನ ತಮ್ಮ ಇಲಿಯೇಸಾನ ಹೆಂಡತಿ. ಓರಗಿತ್ತಿಯನ್ನು ಬೈಯಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಬೇರೆಯವರು ಬೈದರೆ ಕೇಳಿಸಿಕೊಂಡು ಸುಮ್ಮನಿರುವವಳೂ ಅಲ್ಲ ಈ ಲೊಸಾನಾ. ಅದಕ್ಕೇ ಇದನ್ನು ಹೇಳಲು ಕೂತಿದ್ದೇನೆ.

ಅವಳು ಈ ಊರಿನ ಮಗಳಲ್ಲ, ದೂರದ ಲೌ ದ್ವೀಪಗಳ ಕಡೆಯಿಂದ ಬಂದ ಸೊಸೆ. ಇಲಿಯೇಸಾ ಆಗ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಕೊಬ್ಬರಿ ಮೂಟೆ ತರಲು ಹೋದವನು ಹೆಣ್ಣು ಹೊತ್ತು ತಂದ ಎಂದು ನಮ್ಮ ಗಂಡಸರು ಯಂಗೋನಾ ಬೇರಿನ ರಸ ಕುಡಿಯಲು ಕೂತಾಗೆಲ್ಲ ನಗುತ್ತಿದ್ದರು. ಹೊಸತರಲ್ಲಿ ಅವಳ ಮಾತಿನ ಧಾಟಿಯನ್ನು ಊರಿನ ಮಕ್ಕಳು ಅಣಕಿಸುತ್ತಿದ್ದವು. ಅದಕ್ಕೋ ಏನೋ, ಮಾತನ್ನೇ ಕಡಿಮೆ ಮಾಡಿಬಿಟ್ಟಳು. ಎತ್ತರದ ಆಳು, ಅಗಲ ಪಾದ. ಹವಳದ ದಿಬ್ಬದ ಮೇಲೆ ಗಾಳ ಹಿಡಿದು ನಿಂತಳೆಂದರೆ ಬುಟ್ಟಿ ತುಂಬದೆ ದಡಕ್ಕೆ ಬರುವವಳಲ್ಲ. ಮಕ್ಕಳಾಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಅದನ್ನು ಯಾರ ಮುಂದೆಯೂ ಹೇಳಿಕೊಂಡು ಅತ್ತದ್ದನ್ನು ನಾನು ಕಂಡಿಲ್ಲ.

ಐಸ್ ಪೆಟ್ಟಿಗೆ ಬರುವ ಮುಂಚೆ ನಮ್ಮ ಮೀನಿನ ಕಥೆ ಕಥೆಯೇ ಅಲ್ಲ. ಹಿಡಿದದ್ದನ್ನು ಅವತ್ತೇ ತಿನ್ನಬೇಕು, ಇಲ್ಲವೇ ಹೊಗೆಗೆ ಇಡಬೇಕು. ವ್ಯಾಪಾರದವನ ದೋಣಿ ಮನಸ್ಸು ಬಂದಾಗ ಬರುತ್ತಿತ್ತು, ಅವನು ಕೊಟ್ಟಷ್ಟು ಇಸಿದುಕೊಳ್ಳಬೇಕಿತ್ತು. ಮಕ್ಕಳು ಆರನೆಯ ತರಗತಿ ಮುಗಿಸಿದರೆ ದೊಡ್ಡ ದ್ವೀಪದ ಹಾಸ್ಟೆಲಿಗೆ ಹಾಕಲು ಕೈಯಲ್ಲಿ ಕಾಸಿರುತ್ತಿರಲಿಲ್ಲ. ಸುಂಟರಗಾಳಿ ಹೊತ್ತುಕೊಂಡು ಹೋದ ಮಾಡಿನ ತಗಡುಗಳ ಜಾಗದಲ್ಲಿ ಎಷ್ಟೋ ಮನೆಗಳಲ್ಲಿ ಟಾರ್ಪಾಲೇ ಗತಿ. ಆಗ ದೊಡ್ಡ ದ್ವೀಪದ ಹೋಟೆಲಿನವರು ಒಂದು ದೊಡ್ಡ ಐಸ್ ಪೆಟ್ಟಿಗೆ ಕೊಟ್ಟರು. ರಾಜಧಾನಿ ಸುವಾದ ಮಹಿಳಾ ಸಂಘದವರು ಅದಕ್ಕೆ ಸೋಲಾರ್ ಪ್ಯಾನೆಲ್ ಹಾಕಿಸಿ, ಮೀನು ಹೆಚ್ಚುವುದು, ತೊಳೆಯುವುದು, ಜೋಡಿಸುವುದು ಹೇಗೆಂದು ಕಲಿಸಿದರು. ಮೀನು ನಮ್ಮದು. ಶನಿವಾರ ಶನಿವಾರ ಹೋಟೆಲಿನ ದೋಣಿ ಬಂದು ದುಡ್ಡು ಕೊಟ್ಟು ಒಯ್ಯುವುದು. ಮೂರು ಕಾಲಿನ ಮಣೆ ಇದು, ಒಂದು ಕಾಲು ಮುರಿದರೂ ಕೂರುವವರು ಬೀಳುತ್ತೀರಿ ಎಂದು ಸಂಘದ ಹೆಂಗಸು ಹೇಳಿ ಹೋದಳು. ಪೆಟ್ಟಿಗೆಯ ಮೀನು ಪೆಟ್ಟಿಗೆಯಲ್ಲೇ ಇರಬೇಕು, ಶನಿವಾರದ ತನಕ ಯಾರೂ ಮುಟ್ಟಬಾರದು ಎಂಬುದು ಒಂದೇ ಷರತ್ತು.

ಷರತ್ತು ಕೇಳಲು ಸಣ್ಣದು. ಆದರೆ ನಮ್ಮಲ್ಲಿ ನೆಂಟರು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವಂತಿಲ್ಲ. ಕೆರೆಕೆರೆ ಅನ್ನುತ್ತೇವೆ ಅದಕ್ಕೆ. ಕೇಳಿದವನಿಗೆ ನಾಚಿಕೆಯಿಲ್ಲ, ಕೊಡದವನಿಗೇ ನಾಚಿಕೆ. ಊರಿನ ಮುಖ್ಯಸ್ಥ ವಾತಿಸೋನಿ ನನ್ನ ಗಂಡನ ಚಿಕ್ಕಪ್ಪ, ಅಂದರೆ ನನಗೆ ಚಿಕ್ಕಮಾವ. ಅವರು ಒಮ್ಮೆ ಅಂಗಡಿ ಇಟ್ಟಿದ್ದರು. ಊರೆಲ್ಲ ನೆಂಟರೇ. ಸಕ್ಕರೆ ಕೆರೆಕೆರೆ, ಸೋಪು ಕೆರೆಕೆರೆ, ಸೀಮೆಎಣ್ಣೆ ಕೆರೆಕೆರೆ. ಮಳೆಗಾಲ ಮುಗಿಯುವುದರೊಳಗೆ ಅಂಗಡಿಯಲ್ಲಿ ಉಳಿದದ್ದು ತಕ್ಕಡಿ ಒಂದೇ. ಅದನ್ನೂ ಅವರ ಭಾವಮೈದ ಕೇಳಿಕೊಂಡು ಹೋದ. ಚಿಕ್ಕಮಾವ ನಗುನಗುತ್ತಲೇ ಎತ್ತಿಕೊಟ್ಟರು.

ಹಾಗಿರುವಾಗ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಮಾತು ಬಂದಾಗ ನಾವು ಹೆಂಗಸರೆಲ್ಲ ಚಾಪೆ ನೋಡುತ್ತ ಕೂತೆವು.

"ನಂಗಂತೂ ಬೇಡಮ್ಮ," ಎಂದಳು ಒಬ್ಬಳು. "ನಂಗೆ ಸೋದರಳಿಯಂದಿರೇ ಒಂದು ದೋಣಿ ತುಂಬ ಇದಾರೆ. ಒಬ್ಬೊಬ್ಬ ಒಂದೊಂದು ತುಂಡು ಕೇಳಿದ್ರೂ ಪೆಟ್ಟಿಗೆ ಖಾಲಿ."

"ಅಕೊಸಿತಾಗೆ ಕೊಡಿ," ಎಂದೆ ನಾನು. "ಇವಳಿಗೆ ಈ ಊರಲ್ಲಿ ನೆಂಟ ಅಂತ ಹೇಳ್ಕೊಳ್ಳೋಕೆ ಒಂದು ನಾಯಿನೂ ಇಲ್ಲ. ಗಂಡನ ಕಡೆಯ ಹಿರಿಯರು ಸೊಸೆ ಹತ್ರ ಬಾಯಿಬಿಟ್ಟು ಕೇಳೋ ಹಾಗಿಲ್ಲ. ಯಾರು ಕೇಳ್ತಾರೆ?"

ಎಲ್ಲರೂ ನಕ್ಕರು. ಅಕೊಸಿತಾ ನಗಲಿಲ್ಲ. ಬೀಗದ ಕೈಯನ್ನು ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಯಾರು ಕೇಳುತ್ತಾರೆ ಎಂದೆನಲ್ಲ, ಕೇಳದವರೇ ಇಲ್ಲ. ಸೊಸೆಯ ಹತ್ತಿರ ನೇರ ಕೇಳಲು ಮರ್ಯಾದೆ ಅಡ್ಡ ಬಂದವರು ಹೆಂಡತಿಯನ್ನು ಕಳಿಸಿದರು, ಹೆಂಡತಿ ಮಗಳನ್ನು ಕಳಿಸಿದಳು. ಒಂದು ದಿನ ವಾತಿಸೋನಿ ಚಿಕ್ಕಮಾವನ ಹೆಂಡತಿಯೇ ಬಂದು ಹೊಸ್ತಿಲ ಮೇಲೆ ಕೂತರು.

"ನಿಮ್ಮ ಮಾವನಿಗೆ ಬಾಯಿರುಚಿ ಕೆಟ್ಟಿದೆ ಕಣಮ್ಮ. ಒಂದು ತುಂಡು ದೋನು ಮೀನು ಇದ್ದಿದ್ರೆ ಸಾರು ಮಾಡ್ಬೋದಿತ್ತು."

"ಪೆಟ್ಟಿಗೇದು ಕೊಡೋಕಾಗಲ್ಲ ಅತ್ತೆ," ಎಂದಳು ಅಕೊಸಿತಾ. "ಕೂತ್ಕೊಳ್ಳಿ. ಇನ್ನೊಂದು ಗಳಿಗೇಲಿ ನೀರು ಇಳಿಯುತ್ತೆ, ಹೋಗಿ ಒಂದು ಹಿಡ್ಕೊಂಡು ಬರ್ತೀನಿ."

ಹೇಳಿದಂತೆ ಹೋದಳು, ಹಿಡಿದಳು, ತಂದುಕೊಟ್ಟಳು. ಅತ್ತೆ ಅದನ್ನು ತೆಗೆದುಕೊಂಡು ಹೋಗಿ ಸಾರು ಮಾಡಿ ತಿಂದು, ಊರೆಲ್ಲ ಹೇಳಿದ್ದು ಏನು? ಪೆಟ್ಟಿಗೆ ತುಂಬ ಮೀನಿಟ್ಟುಕೊಂಡು ಇಲ್ಲ ಅಂದಳು ಅಂತ. ಬುಟ್ಟಿಯಿಂದ ಕೊಟ್ಟದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಜನರ ನಾಲಿಗೆಯೇ ಹಾಗೆ.

ಪೆಟ್ಟಿಗೆ ಮಾತ್ರ ತುಂಬುತ್ತ ಹೋಯಿತು. ಮನೆಗಳಿಗೆ ತಗಡು ಬಂತು. ನನ್ನ ಕಿರಿಯ ಮಗಳು ಹಾಸ್ಟೆಲಿಗೆ ಹೋದಳು. ಒಮ್ಮೆ ಸಮುದ್ರ ಕೆರಳಿ ವಾರಗಟ್ಟಲೆ ದೋಣಿ ಇಳಿಸಲಾಗದೆ ಮೀನು ಅರ್ಧಕ್ಕರ್ಧ ಕಡಿಮೆ ಬಿದ್ದಾಗ ಹೋಟೆಲಿನಿಂದ ಮಾತು ಬಂತು. ಈ ಸಲ ಹೋಗಲಿ, ಇನ್ನೊಮ್ಮೆ ಹೀಗಾದರೆ ಪೆಟ್ಟಿಗೆ ಕಡಲ ಕಾಲುವೆಯಾಚೆಯ ಊರಿಗೆ ಹೋಗುತ್ತದೆ, ಅವರು ಕಾದು ಕೂತಿದ್ದಾರೆ ಎಂದು. ಆಚೆ ಊರಿನವರಿಗೂ ನಮಗೂ ರಗ್ಬಿಯಿಂದ ಹಿಡಿದು ಚರ್ಚಿನ ಹಾಡಿನವರೆಗೆ ಎಲ್ಲದರಲ್ಲೂ ಪೈಪೋಟಿ. ಆ ಮಾತು ಕೇಳಿದ ಮೇಲೆ ಅಕೊಸಿತಾ ಸ್ನಾನಕ್ಕೂ ಬೀಗದ ಕೈ ಬಿಚ್ಚಿಡುವುದನ್ನು ಬಿಟ್ಟಳು.

ಆಮೇಲೆ ಇಲಿಯೇಸಾ ಸತ್ತ. ದಾಲೊ ಗೆಡ್ಡೆ ಕೀಳಲು ಗದ್ದೆಗೆ ಹೋದವನು ಅಲ್ಲೇ ಎದೆ ಹಿಡಿದುಕೊಂಡು ಕೂತನಂತೆ. ಕೂತವನು ಏಳಲಿಲ್ಲ. ಒಳ್ಳೆಯವನು, ನಗಿಸುವವನು, ಸುತ್ತಲ ಊರುಗಳಲ್ಲೆಲ್ಲ ಅವನ ಗೆಳೆಯರು. ದೋಣಿ ಮೇಲೆ ದೋಣಿ ಬಂದವು, ಚಾಪೆ, ಬಟ್ಟೆ, ಸೀಮೆಎಣ್ಣೆ ಡಬ್ಬಿ ಹೊತ್ತುಕೊಂಡು. ಬಂದವರಿಗೆ ಊಟ ಹಾಕಬೇಕು, ಚೆನ್ನಾಗಿ ಹಾಕಬೇಕು. ನಮ್ಮಲ್ಲಿ ಸತ್ತವನ ಮರ್ಯಾದೆ ಅವನ ಹೆಸರಿನಲ್ಲಿ ಬಡಿಸಿದ ಊಟದಲ್ಲಿದೆ. ಗಾಳಿ ಜೋರಾಗಿದ್ದು ಆ ದಿನಗಳಲ್ಲಿ ದೋಣಿ ಇಳಿಸಲು ಆಗಲಿಲ್ಲ. ಪೆಟ್ಟಿಗೆ ಮಾತ್ರ ಮುಚ್ಚಳದ ತನಕ ತುಂಬಿತ್ತು.

ವಾತಿಸೋನಿ ಚಿಕ್ಕಮಾವ ತಾವೇ ಬಂದರು. ಹೆಣದ ಪಕ್ಕ ಕೂತಿದ್ದ ಸೊಸೆಯ ಮುಖ ನೋಡದೆ, ಬಾಗಿಲ ಬಳಿ ಪಕ್ಕಕ್ಕೆ ತಿರುಗಿ ಕೂತು ಹೇಳಿದರು.

"ಸೊಸೆ, ನಾನೇ ಕೇಳ್ತಾ ಇದೀನಿ. ನನಗಲ್ಲ. ನನ್ನ ಮಗನಿಗೆ."

ಮನೆ ತುಂಬ ಜನ.

"ಇಲ್ಲ ಮಾವ," ಎಂದಳು.

ಅಷ್ಟೇ. ಅವತ್ತು ಬಂದವರಿಗೆಲ್ಲ ಮರಗೆಣಸಿನ ಜೊತೆ ಟಿನ್ ಮೀನು ಬಡಿಸಿದೆವು. ದೋಣಿಯಿಂದ ಇಳಿಯುವಾಗಲೇ ಸೋಲಾರ್ ಪ್ಯಾನೆಲ್ ನೋಡಿದವರು, ಪೆಟ್ಟಿಗೆಯ ಸುದ್ದಿ ಗೊತ್ತಿದ್ದವರು, ತಟ್ಟೆ ನೋಡಿ ಒಬ್ಬರನ್ನೊಬ್ಬರು ನೋಡಿಕೊಂಡರು. ನನಗೆ ನೆತ್ತಿಗೇರಿತು. ಅಡುಗೆ ಚಪ್ಪರದ ಹಿಂದೆ ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

"ಕಟ್ಕೊಂಡ ಗಂಡನ ಮಣ್ಣಿಗೆ ಟಿನ್ ಮೀನು ಹಾಕ್ಸಿದ್ಯಲ್ಲೇ. ನೀನು ಹೆಂಗಸಾ, ಕಲ್ಲಾ?"

"ಅಕ್ಕ, ಇವತ್ತು ನನ್ನ ಗಂಡನಿಗೆ ತೆಗೆದ್ರೆ ನಾಳೆ ನಿನ್ನ ಗಂಡನಿಗೂ ತೆಗೀಬೇಕು," ಎಂದಳು. "ಆಮೇಲೆ ಎಲ್ಲರ ಗಂಡಂದಿರಿಗೂ."

"ಥೂ, ಬಿಡ್ತು ಅನ್ನು. ನನ್ನ ಗಂಡ ಇನ್ನೂ ಗುಂಡುಕಲ್ಲಿನ ಹಾಗಿದಾನೆ."

ಅವಳ ಕಣ್ಣು ಕೆಂಪಗಿತ್ತು, ಆದರೆ ಕೈ ಕೊರಳ ದಾರದ ಮೇಲೇ ಇತ್ತು. ಆ ಕೈ ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಅಲ್ಲಿಂದ ಊರು ಅವಳನ್ನು ದೂರ ಇಟ್ಟಿತು. ಜಗಳವಿಲ್ಲ, ಬೈಗುಳವಿಲ್ಲ. ದಾರಿಯಲ್ಲಿ ಹೋಗುವವರನ್ನು ಬಾ, ಉಂಡು ಹೋಗು ಎಂದು ಕರೆಯುವುದು ನಮ್ಮ ಅಭ್ಯಾಸ. ಅವಳು ಹಾದುಹೋದಾಗ ಮಾತ್ರ ಆ ಕರೆ ನಿಂತಿತು. ಚರ್ಚಿನ ಬೆಂಚಿನಲ್ಲಿ ಅವಳ ಎರಡೂ ಪಕ್ಕ ಖಾಲಿ. ಎಲ್ಲಕ್ಕಿಂತ ದೊಡ್ಡದು ಕಪ್ಪು ಬಟ್ಟೆ. ವಿಧವೆಯ ಕಪ್ಪು ಬಿಡಿಸುವುದು ಗಂಡನ ಮನೆಯವರ ಕೆಲಸ. ದಿನ ತುಂಬಿದ ಮೇಲೆ ಹಿರಿಯರು ಒಂದು ಊಟ ಹಾಕಿ, ಬಣ್ಣದ ಬಟ್ಟೆ ಕೊಟ್ಟು, ಇವಳು ಇನ್ನೂ ನಮ್ಮವಳೇ ಎಂದು ಹೇಳಬೇಕು. ನೂರು ರಾತ್ರಿ ಕಳೆದವು. ವಾತಿಸೋನಿ ಚಿಕ್ಕಮಾವ ಆ ಮಾತೆತ್ತಲಿಲ್ಲ, ಅವರು ಎತ್ತದೆ ನಾವು ಎತ್ತುವಂತಿಲ್ಲ. ಅಕೊಸಿತಾ ಅದೇ ಕಪ್ಪು ಸುಲು ಉಟ್ಟು ದಿಬ್ಬಕ್ಕೆ ಹೋಗುತ್ತಿದ್ದಳು, ಉಪ್ಪುನೀರಿಗೆ ಅದು ಬೂದುಬಣ್ಣಕ್ಕೆ ತಿರುಗಿತ್ತು. ಮಕ್ಕಳಿಲ್ಲ, ಗಂಡನಿಲ್ಲ, ಕಪ್ಪು ಬಿಡಿಸುವವರಿಲ್ಲ. ತವರಿಗೆ ಹೋಗಬಹುದಿತ್ತು. ಪೆಟ್ಟಿಗೆಯ ಕೆಲಸ ಒಂದು ಅವಳನ್ನು ಇಲ್ಲಿ ಹಿಡಿದಿಟ್ಟಿತ್ತು. ಅದೂ ಆಚೆ ಊರಿಗೆ ಹೋದರೆ ಅವಳು ಇಲ್ಲಿ ಯಾರು? ಇದನ್ನು ಅವಳೇ ನನಗೆ ಹೇಳಿದಳು, ಒಮ್ಮೆ, ಬಲೆ ಹೊಲಿಯುತ್ತ.

ಮುಂದಿನ ವರ್ಷಕ್ಕೂ ಪೆಟ್ಟಿಗೆ ನಮ್ಮಲ್ಲೇ ಇರಬೇಕೋ ಬೇಡವೋ ನೋಡಲು ಹೋಟೆಲಿನಿಂದ ಗೌಂಡರ್ ಬರುತ್ತಾರೆಂದು ತಿಳಿಯಿತು. ಅಡುಗೆಮನೆಗೆ ಬೇಕಾದ್ದನ್ನೆಲ್ಲ ಕೊಳ್ಳುವವರು ಅವರೇ. ಲಂಬಾಸಾ ಕಡೆಯ ಕಬ್ಬಿನ ಗದ್ದೆಯ ಮನೆತನದವರು, ನಮ್ಮ ಭಾಷೆ ನಮಗಿಂತ ಜೋರಾಗಿ ಮಾತಾಡುವವರು. ಅವರು ಬರುವುದು ಗುರುವಾರ ಮಧ್ಯಾಹ್ನ. ಶನಿವಾರ ಹೋಟೆಲಿನಲ್ಲಿ ದೊಡ್ಡ ಮದುವೆ, ಅದಕ್ಕೆ ಹೇಳಿಟ್ಟಿದ್ದ ಮೀನನ್ನೂ ಆವತ್ತೇ ಒಯ್ಯುತ್ತಾರೆ. ಅಕೊಸಿತಾ ಎಲ್ಲ ಯೋಚಿಸಿಯೇ ಇಟ್ಟಿದ್ದಳು. ಬೆಳಿಗ್ಗೆ ನೀರು ಇಳಿದಾಗ ಹೆಂಗಸರೆಲ್ಲ ದಿಬ್ಬಕ್ಕೆ ಹೋಗುವುದು, ಅತಿಥಿಯ ಊಟಕ್ಕೆ ಬೇಕಾದ ಮೀನನ್ನು ಅವತ್ತಿನದ್ದೇ ತರುವುದು. ಮಂಡಿನೋವಿನ ನಾನು ಅಡುಗೆ ಚಪ್ಪರದಲ್ಲಿ ಕಾಯಿ ತುರಿಯುತ್ತ ಕೂತಿರುವುದು.

ಗೌಂಡರ್ ಮಧ್ಯಾಹ್ನ ಬರಲಿಲ್ಲ. ಗಾಳಿ ಏಳುವ ಮುಂಚೆ ದಾಟಿಬಿಡೋಣ ಎಂದು ದೋಣಿಯವನು ಅವರನ್ನು ಬೆಳಿಗ್ಗೆಯೇ ತಂದು ಇಳಿಸಿದ. ಹೆಂಗಸರು ಆಗಿನ್ನೂ ದಿಬ್ಬದ ತುದಿಯಲ್ಲಿದ್ದರು, ಇಲ್ಲಿಂದ ಚುಕ್ಕೆಗಳ ಹಾಗೆ ಕಾಣುತ್ತಿದ್ದರು. ಗಂಡಸರು ಅತಿಥಿಯನ್ನು ಸಭೆಮನೆಯ ಚಾಪೆಯ ಮೇಲ್ತುದಿಯಲ್ಲಿ ಕೂರಿಸಿ ಯಂಗೋನಾ ಕಲಸತೊಡಗಿದರು. ವಾತಿಸೋನಿ ಚಿಕ್ಕಮಾವ ಬೆವರು ಒರೆಸಿಕೊಳ್ಳುತ್ತ ನನ್ನ ಚಪ್ಪರಕ್ಕೆ ಬಂದರು.

"ಏನಿದೆ ಊಟಕ್ಕೆ?"

"ಮರಗೆಣಸು ಇದೆ, ಕೆಸುವಿನ ಸೊಪ್ಪಿದೆ. ಮೀನು ಬರಬೇಕು."

"ಅವರು ಬರೋ ತನಕ?"

"ಟಿನ್ ಇದೆ."

"ಟಿನ್ನಾ? ಹೋಟೆಲ್‌ನೋನು, ದಿನಬೆಳಗಾದ್ರೆ ಮೀನು ನೋಡೋನು. ಅವನ ಮುಂದೆ ಟಿನ್ ಬಿಚ್ಚಿದ್ರೆ ಊರಿನ ಮುಖ ಎಲ್ಲಿಡ್ತೀಯ?" ಆಚೀಚೆ ನೋಡಿ ದನಿ ತಗ್ಗಿಸಿದರು. "ಪೆಟ್ಟಿಗೆ ತುಂಬ ಮೀನಿದೆ."

"ಬೀಗದ ಕೈ ಅಕೊಸಿತಾ ಕೊರಳಲ್ಲಿದೆ. ಅಕೊಸಿತಾ ನೀರಲ್ಲಿದಾಳೆ."

"ಆ ಮೀನು ಯಾರದ್ದು? ಹೋಟೆಲ್‌ದು. ಇವನು ಯಾರು? ಹೋಟೆಲ್‌ನೋನು. ಅವನ ಮೀನು ಅವನಿಗೇ ಹಾಕೋಕೆ ಬೀಗ ಯಾಕೆ ಬೇಕು?"

"ಅವನೊಬ್ಬನಿಗೇ ಹಾಕಿ, ನೀವೆಲ್ಲ ಅವನ ಬಾಯಿ ನೋಡ್ತಾ ಕೂರ್ತೀರಾ?" ಎಂದೆ. ನಾಚಿಕೆಯಾಗಿ ಬಿಟ್ಟುಬಿಡಲಿ ಎಂದು ಹೇಳಿದ ಮಾತದು.

ಚಿಕ್ಕಮಾವ ಒಂದು ಕ್ಷಣ ಯೋಚಿಸಿದರು. "ಹೌದು ನೋಡು," ಎಂದರು. "ಅತಿಥಿ ಒಬ್ಬನೇ ಉಣ್ಣೋದು ಉಂಟೇ? ಊರಿಗೆಲ್ಲ ಮಾಡು."

ತೆಂಗಿನಕಾಯಿ ಸುಲಿಯುವ ಕಬ್ಬಿಣದ ಸಲಾಕೆ ತಂದು ಬೀಗದ ಕೊಂಡಿಗೆ ಹಾಕಿ ಮೀಟಿದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಊರಿನ ಮುಖ್ಯಸ್ಥನೇ ಮುರಿದ ಮೇಲೆ ಹಿಡಿಯುವವರು ಯಾರು? ಗಂಡಸರು ಸಾಲುಗಟ್ಟಿ ಬಂದು ಕಲ್ಲಿನಂತಿದ್ದ ವಾಲು, ದೋನು ಮೀನು, ಎಂಟು ಕಾಲಿನ ಕುಯಿತಾ ಎಲ್ಲ ಹೊತ್ತು ತಂದು ನನ್ನ ಮುಂದೆ ಸುರಿದು, ಸಮುದ್ರದ ನೀರು ಹೊಯ್ದು ಕರಗಿಸಿದರು. ಮೀನು ಒಲೆಯ ಮುಂದೆ ಬಂದಾಗಿತ್ತು. ಇನ್ನು ಬೇಯಿಸದೆ ಕೊಳೆಸಲೇ? ಹುರಿದೆ, ಕಾಯಿಹಾಲಿನಲ್ಲಿ ಬೇಯಿಸಿದೆ, ಬಾಯಲ್ಲಿ ಬೈಯುತ್ತಲೇ ಇದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ನಮ್ಮೂರೇ.

ಗೌಂಡರ್ ಚಕ್ಕಂಬಕ್ಕಳ ಹಾಕಿ ಕೂತು ಚೆನ್ನಾಗಿ ಉಂಡರು. ಮೀನಿನ ತಲೆ ಅವರಿಗೇ ಬಡಿಸಿದ್ದೆವು. ಮೂಳೆ ಚೀಪುತ್ತ ಹೇಳಿದರು: "ಸಮುದ್ರದಿಂದ ಆಗಷ್ಟೇ ಬಂದ ಮೀನಿನ ರುಚಿನೇ ಬೇರೆ ನೋಡಿ. ನಮ್ಮ ಹೋಟೆಲ್‌ನಲ್ಲಿ ಇಂಥದ್ದು ಸಿಗೋದಿಲ್ಲ."

ನೊಣ ಓಡಿಸುತ್ತಿದ್ದ ನಾನು ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

ಅಷ್ಟರಲ್ಲಿ ಹೆಂಗಸರು ಬಂದರು. ಅಕೊಸಿತಾ ಮೊದಲು ಪೆಟ್ಟಿಗೆಯ ಗುಡಿಸಲಿನ ಕಡೆ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಹೊರಗೆ ಬಂದಾಗ ನಡಿಗೆ ಬದಲಾಗಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ಸಭೆಮನೆಯ ಕೆಳಬಾಗಿಲಿನಿಂದ ಒಳಬಂದು, ಬುಟ್ಟಿ ಪಕ್ಕಕ್ಕಿಟ್ಟು ಹೆಂಗಸರ ಸಾಲಿನ ಕೊನೆಯಲ್ಲಿ ಕೂತಳು. ತಟ್ಟೆಗಳನ್ನೆಲ್ಲ ನೋಡಿದಳು. ಯಾರೂ ಅವಳನ್ನು ನೋಡಲಿಲ್ಲ.

"ಸರಿ, ಈಗ ಪೆಟ್ಟಿಗೆ ನೋಡೋಣ," ಎಂದು ಗೌಂಡರ್ ಕೈ ತೊಳೆದರು.

"ಇನ್ನೊಂದು ಚಿಪ್ಪು ಯಂಗೋನಾ ತಗೊಳ್ಳಿ," ಎಂದರು ಚಿಕ್ಕಮಾವ.

ತೆಗೆದುಕೊಂಡರು. ಇನ್ನೊಂದು ಬಂತು. ಯಾರೋ ಗಿಟಾರ್ ತಂದರು. ಒಬ್ಬ ಹಳೆಯ ಸುಂಟರಗಾಳಿಯ ಕಥೆ ತೆಗೆದ. ಅವನ ಕಥೆಯಲ್ಲಿ ಸುಂಟರಗಾಳಿ ಇನ್ನೂ ದ್ವೀಪ ಮುಟ್ಟಿರಲಿಲ್ಲ, ಅಷ್ಟರಲ್ಲಿ ಗೌಂಡರ್ ಗಡಿಯಾರ ನೋಡಿಕೊಂಡರು.

"ಹೊತ್ತಾಗುತ್ತೆ. ಏಳೋಣ?"

"ಸರ್," ಎಂದಳು ಅಕೊಸಿತಾ ಕೂತಲ್ಲಿಂದಲೇ. ಹೆಂಗಸರು ಆ ಸಭೆಯಲ್ಲಿ ಕೇಳದೆ ಮಾತಾಡುವುದಿಲ್ಲ. "ನೋಡೋಕೆ ಏನೂ ಇಲ್ಲ. ನೀವೆಲ್ಲ ಈಗ ಉಂಡದ್ದು ಅದೇ."

ಗಿಟಾರ್ ನಿಂತಿತು. ಗೌಂಡರ್ ನಗಲು ಹೊರಟು, ಚಿಕ್ಕಮಾವನ ಮುಖ ನೋಡಿ ನಿಲ್ಲಿಸಿದರು.

"ಮದುವೆ ಮೀನಾ?"

ಚಿಕ್ಕಮಾವ ಚಾಪೆಯ ಅಂಚು ಸರಿಮಾಡುತ್ತ ಹೇಳಿದರು: "ನಿಮ್ಮದೇ ಮೀನು. ನಿಮಗೇ ಹಾಕಿದ್ವಿ."

"ನನ್ನ ಒಂದು ಹೊಟ್ಟೆಗೆ ಪೂರಾ ಪೆಟ್ಟಿಗೆನಾ?" ಗೌಂಡರ್ ಮುಖ ಕೆಂಪಾಯಿತು. "ಇವತ್ತು ಇಷ್ಟು ಸಲೀಸಾಗಿ ತೆಗೆದಿದೀರಿ ಅಂದ್ರೆ ವರ್ಷವಿಡೀ ಹೀಗೇ ತೆಗೀತಿದ್ರಿ ಅಂತಾಯ್ತು. ಆವತ್ತು ಅರ್ಧ ಕಳಿಸಿ ತಪ್ಪನ್ನ ಸಮುದ್ರದ ಮೇಲೆ ಹಾಕಿದ್ರಿ. ಕೀ ಯಾರ ಹತ್ರ ಇರೋದು? ಇವರ ಹತ್ರನಾ?"

ಅವರು ಬೆರಳು ತೋರಿಸಿದ್ದು ಅಕೊಸಿತಾಳ ಕಡೆ. ಚಿಕ್ಕಮಾವ ಏನೂ ಹೇಳಲಿಲ್ಲ. ಗಂಡಸರು ಒಬ್ಬರೂ ಏನೂ ಹೇಳಲಿಲ್ಲ. ಅವಳು ಕೊರಳ ದಾರ ಬಿಚ್ಚಿ ಬೀಗದ ಕೈಯನ್ನು ಚಾಪೆಯ ಮೇಲೆ ಇಟ್ಟಳು. ನನಗೆ ಇನ್ನು ತಡೆಯಲಾಗಲಿಲ್ಲ.

"ನಾಲಿಗೆ ಬಿಗಿ ಹಿಡಿದು ಮಾತಾಡಿ ಸ್ವಾಮಿ," ಎಂದೆ. "ಮುರಿದದ್ದು ಇಲ್ಲಿ ಕೂತಿರೋ ದೊಡ್ಡ ಮನುಷ್ಯರು, ಇವಳಲ್ಲ. ಗಂಡನ ಹೆಣ ಮನೇಲಿದ್ದಾಗ್ಲೂ ಇವಳು ಆ ಪೆಟ್ಟಿಗೆ ತೆಗೀಲಿಲ್ಲ. ನಾವು ಬಂದವರಿಗೆಲ್ಲ ಟಿನ್ ಮೀನು ಹಾಕಿದ್ವಿ, ಇವಳ ಗಂಡನ ಮಣ್ಣಿಗೆ. ಅದಕ್ಕೇ ಊರೆಲ್ಲ ಸೇರಿ ಇವಳನ್ನ ಇವತ್ತಿಗೂ ಕರೀ ಬಟ್ಟೇಲಿ ಇಟ್ಟಿದೆ. ಕೇಳಿ, ಸುಳ್ಳಾದ್ರೆ ಯಾರಾದ್ರೂ ಹೇಳಿ."

ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದ.

ಗೌಂಡರ್ ಬಹಳ ಹೊತ್ತು ಅವಳನ್ನೇ, ಅವಳ ಬೂದುಗಪ್ಪು ಬಟ್ಟೆಯನ್ನೇ ನೋಡಿದರು. ಆಮೇಲೆ ಅವರ ದನಿ ಇಳಿಯಿತು.

"ಅಮ್ಮಾ, ಆವತ್ತು ಒಂದು ಫೋನ್ ಮಾಡಿ ಕೇಳಿದ್ರೆ ನಾನು ಬೇಡ ಅಂತಿದ್ನಾ? ಸಾವಿನ ಮನೆಗೆ ಮೀನು ತಗೋಬೇಡಿ ಅನ್ನೋಕೆ ನಾನೇನು ರಾಕ್ಷಸನಾ?"

"ನೀವು ಇಲ್ಲ ಅಂತಿರಲಿಲ್ಲ ಸರ್," ಎಂದಳು ಅಕೊಸಿತಾ. "ಕೇಳಿದ್ರೆ ಕೊಟ್ಟುಬಿಡ್ತಿದ್ರಿ. ಅದಕ್ಕೇ ಕೇಳಲಿಲ್ಲ."

ಕೇಳಿದರೆ ಕೊಡಲೇಬೇಕಾದ ಊರಿನಲ್ಲಿ ಹುಟ್ಟಿ ಬೆಳೆದವರು ನಾವು. ಆ ಮಾತು ನಮಗೆಲ್ಲ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಚಿಕ್ಕಮಾವ ಎದ್ದು ಹೊರಗೆ ಹೋದರು.

ನೀರು ಏರತೊಡಗಿತ್ತು. ಗಂಡಸರು ಒಬ್ಬೊಬ್ಬರಾಗಿ ಎದ್ದು, ಯಾರಿಗೂ ಏನೂ ಹೇಳದೆ, ಗಾಳಿಯಿದ್ದರೂ ದೋಣಿಗಳನ್ನು ಇಳಿಸಿದರು. ಉಂಡ ಹೊಟ್ಟೆಗಳೇ, ಸ್ವಲ್ಪ ಬೆವರಲಿ ಎಂದುಕೊಂಡೆ. ಸಂಜೆಗೆ ತಂದದ್ದು, ಹೆಂಗಸರು ಬೆಳಿಗ್ಗೆ ದಿಬ್ಬದಿಂದ ತಂದದ್ದು, ಎಲ್ಲ ಸೇರಿಸಿದರೂ ಹೋಟೆಲಿಗೆ ಬೇಕಾದ್ದರ ಅರ್ಧವಷ್ಟೇ. ಗೌಂಡರ್ ಅದನ್ನೇ ದೋಣಿಗೆ ಹಾಕಿಸಿಕೊಂಡರು. ಹತ್ತುವ ಮುಂಚೆ ಬೀಗದ ಕೈಯನ್ನು ಚಾಪೆಯಿಂದ ಎತ್ತಿ ತಾವೇ ಅಕೊಸಿತಾಳ ಕೈಗೆ ಕೊಟ್ಟರು.

"ಉಳಿದ ಮೀನು ಎಲ್ಲಿ ಅಂತ ಸಾಹೇಬ್ರು ಕೇಳ್ತಾರೆ. ನಾನೇ ತಿಂದೆ ಅಂತೀನಿ," ಎಂದರು. "ಪೆಟ್ಟಿಗೆ ಇಲ್ಲೇ ಇರ್ಲಿ. ಆದ್ರೆ ಮುಂದಿನ ಸಲ ನನ್ನ ಊಟ ನಾನೇ ತರ್ತೀನಿ."

ಹಾಗೇ ಮಾಡಿದರು ಕೂಡ. ಮುಂದಿನ ಸಲ ಬಂದಾಗ ರೊಟ್ಟಿ, ಆಲೂಗಡ್ಡೆ ಪಲ್ಯ ಕಟ್ಟಿಕೊಂಡು ಬಂದು ದೋಣಿಯಲ್ಲೇ ಕೂತು ತಿಂದರು. ಊರಿಗೆ ಅದರಷ್ಟು ದೊಡ್ಡ ಅವಮಾನ ಇನ್ನೊಂದಿಲ್ಲ ಎಂದು ನಮ್ಮವರು ಇವತ್ತಿಗೂ ಗೊಣಗುತ್ತಾರೆ. ಗೊಣಗಲಿ.

ಆ ಗುರುವಾರ ದೀಪ ಹಚ್ಚುವ ಹೊತ್ತಿಗೆ ವಾತಿಸೋನಿ ಚಿಕ್ಕಮಾವ ಅಕೊಸಿತಾಳ ಮನೆಗೆ ಬಂದರು. ಜೊತೆಗೆ ಹಿರಿಯರು. ಕೈಯಲ್ಲಿ ತಿಮಿಂಗಿಲದ ಹಲ್ಲು. ತಪ್ಪೊಪ್ಪಿಕೊಳ್ಳಲು ನಮ್ಮಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಆದರೆ ಅದನ್ನು ಹೊರಗಿನಿಂದ ಬಂದ ಸೊಸೆಯೊಬ್ಬಳ ಮುಂದೆ ಇಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಚಿಕ್ಕಮಾವ ಬಾಗಿಲಲ್ಲೇ ಮೊಣಕಾಲೂರಿ, ಮುಖ ತಗ್ಗಿಸಿ, ಹೇಳಬೇಕಾದ ಮಾತುಗಳನ್ನೆಲ್ಲ ಹೇಳಿದರು. ಬೀಗ ಮುರಿದದ್ದನ್ನು ಹೇಳಿದರು. ಸಭೆಯಲ್ಲಿ ಅವಳ ಕಡೆ ಬೆರಳು ತಿರುಗಿದಾಗ ಸುಮ್ಮನಿದ್ದದ್ದನ್ನೂ ಹೇಳಿದರು.

ಹಲ್ಲನ್ನು ಒಪ್ಪಿಸಿದಾಗ ತೆಗೆದುಕೊಳ್ಳಲೇಬೇಕು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು, ಮುತ್ತಿಟ್ಟಳು. ಗಂಡಸರು ಪದ್ಧತಿಯಂತೆ ಚಪ್ಪಾಳೆ ತಟ್ಟಿದರು. ಮುಗಿಯಿತು ಎಂದು ಎಲ್ಲರೂ ಏಳುವಾಗ ಅವಳು ಹೇಳಿದಳು:

"ಮಾವ, ನಾನೊಂದು ಕೇಳ್ಬೇಕು."

ಇಷ್ಟು ವರ್ಷದಲ್ಲಿ ಅವಳು ಈ ಊರಿನ ಯಾರ ಹತ್ತಿರವೂ ಒಂದು ಚಿಟಿಕೆ ಉಪ್ಪು ಕೇಳಿದವಳಲ್ಲ. ಎಲ್ಲರೂ ಮತ್ತೆ ಕೂತರು.

"ಕೇಳು ಸೊಸೆ."

"ಒಂದು ವಾಲು ಮೀನು ಬೇಕು. ಪೆಟ್ಟಿಗೇದಲ್ಲ, ನೀವೇ ಹಿಡಿದದ್ದು. ಇಲಿಯೇಸಾ ಹೆಸರಲ್ಲಿ ಊರಿಗೆ ಬಡಿಸ್ಬೇಕು."

ಚಿಕ್ಕಮಾವ ಅತ್ತುಬಿಟ್ಟರು. ಅಷ್ಟು ಜನರ ಮುಂದೆ, ಸೊಸೆಯ ಮುಂದೆ, ಬಾಯಿಬಿಟ್ಟು ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಅಕೊಸಿತಾ ಅಳಲಿಲ್ಲ. ಎಲ್ಲರಿಗೂ ಚಹಾಕ್ಕೆ ನೀರಿಡಲು ಎದ್ದಳು.

ವಯಸ್ಸಾದ ಕೈ, ಆದರೂ ಗಾಳಿ ತಗ್ಗಿದ ದಿನ ಚಿಕ್ಕಮಾವ ಒಬ್ಬರೇ ದೋಣಿ ತೆಗೆದುಕೊಂಡು ಹೋಗಿ ವಾಲು ಹಿಡಿದು ತಂದರು. ದೊಡ್ಡದೇ ಇತ್ತು. ಕಪ್ಪು ಬಿಡಿಸುವ ಊಟ ಅದೇ ವಾರ ಆಯಿತು. ಬಣ್ಣದ ಬಟ್ಟೆಯನ್ನು ನಾನೇ ಉಡಿಸಿದೆ, ಹೊಸ ಬಟ್ಟೆ ಕುತ್ತಿಗೆಗೆ ಚುಚ್ಚುತ್ತದೆ ಎಂದಳು. ಮೀನು ಬಡಿಸಿದ್ದು ಅವಳೇ, ಹಿರಿಯರಿಂದ ಹಿಡಿದು ಮಕ್ಕಳ ತನಕ. ಕೊನೆಯಲ್ಲಿ ತಾನೂ ನನ್ನ ಪಕ್ಕ ಕೂತಳು. ಗಂಡನ ಹೆಸರಿನ ಆ ಮೀನನ್ನು ಎರಡು ಸಲ ಹಾಕಿಸಿಕೊಂಡು ಉಂಡಳು.